ಚಂದ್ರನ ನೀರೂ ಹಂಚಿನ ಮಣ್ಣೂ

ಬೋರ್‌ವೆಲ್‌ಗೆ ಪಾಯಿಂಟ್ ಗುರುತಿಸಿ ಕೊಡುವುದು ನನ್ನ ಕೆಲಸ. ಉಡುಪಿ, ಕಾರ್ಕಳ, ಮೂಡುಬಿದಿರೆ ಕಡೆಯ ತೋಟಗಳಲ್ಲಿ ಕಲ್ಲಿನ ಬಿರುಕು ಹುಡುಕುತ್ತಾ ಇಪ್ಪತ್ತಾರು ವರ್ಷ ಕಳೆದಿದ್ದೇನೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದ ಬಳಿಕ ನನ್ನಲ್ಲಿಗೆ ಬರುವವರು ಒಂದು ಹೊಸ ಪ್ರಶ್ನೆಯನ್ನೂ ಜತೆಗೆ ತರುತ್ತಾರೆ: ಚಂದ್ರನಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತದೆ?

ಕುತೂಹಲಕ್ಕೆ ಕೇಳಿದರೆ ಸಂತೋಷದಿಂದ ಉತ್ತರಿಸುತ್ತೇನೆ. ಆದರೆ ಕಳೆದ ಏಪ್ರಿಲ್‌ನಲ್ಲಿ ಕಾರ್ಕಳದ ಕಡೆಯ ಅಡಿಕೆ ಕೃಷಿಕರೊಬ್ಬರು ಅದನ್ನು ಕುತೂಹಲಕ್ಕೆ ಕೇಳಿರಲಿಲ್ಲ. ಎರಡು ಬೋರ್ ಬತ್ತಿದ್ದವು. ಮೂರನೆಯದನ್ನು ಐನೂರು ಅಡಿಯಿಂದ ಎಂಟುನೂರಕ್ಕೆ ಇಳಿಸಲು ಸಾಲ ಮಾಡಿಕೊಂಡು ಬಂದಿದ್ದರು. “ಮೇಡಂ, ಚಂದ್ರನಲ್ಲಿಯೇ ನೀರು ಸಿಕ್ಕಿತಂತೆ. ಇಷ್ಟು ಮಳೆ ಬೀಳುವ ನಮ್ಮೂರಿನ ಕಲ್ಲಿನಡಿಯಲ್ಲಿ ಸಿಗದೆ ಹೋಗುತ್ತದೆಯೇ?” ಎಂದರು. ಪತ್ರಿಕೆಯ ಒಂದು ಶೀರ್ಷಿಕೆ ಅವರಿಗೆ ಮುನ್ನೂರು ಅಡಿ ಆಳದ ಧೈರ್ಯ ಕೊಟ್ಟಿತ್ತು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ‘ನೀರು’ ಎಂಬ ಆ ಒಂದು ಪದವನ್ನು ಹಾಗೆ ಎಸೆದು ಬಿಟ್ಟವರ ಮೇಲೆ.

ನಾವು ನೀರು ಎನ್ನುವುದು ಹರಿಯುವುದನ್ನು, ಜಿನುಗುವುದನ್ನು, ಕೊಡದಲ್ಲಿ ತುಂಬುವುದನ್ನು. ಚಂದ್ರನ ಮೇಲ್ಮೈಯಲ್ಲಿ ಅಂಥದ್ದು ಒಂದು ಹನಿಯೂ ನಿಲ್ಲದು. ಗಾಳಿಯ ಒತ್ತಡವೇ ಇಲ್ಲದ ಕಡೆ ನೀರು ದ್ರವವಾಗಿ ಉಳಿಯುವುದಿಲ್ಲ. ಕುದಿದು ಆವಿಯಾಗುತ್ತದೆ, ಇಲ್ಲವೇ ಗಡ್ಡೆ ಕಟ್ಟುತ್ತದೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿದ್ದ ನಾಸಾದ ಖನಿಜ ನಕ್ಷೆಯ ಉಪಕರಣ ಕೊಡ ತುಂಬುವ ನೀರನ್ನು ಕಾಣಲಿಲ್ಲ. ಮಣ್ಣಿನಿಂದ ಮರಳುವ ಬೆಳಕಿನಲ್ಲಿ ಮೂರು ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಒಂದು ತಗ್ಗನ್ನು ಕಂಡಿತು. ಅದು ಬಹುಮಟ್ಟಿಗೆ ಹೈಡ್ರಾಕ್ಸಿಲ್‌ನ ಗುರುತು: ಒಂದು ಆಮ್ಲಜನಕ, ಒಂದು ಜಲಜನಕ, ಎರಡೂ ಖನಿಜಕ್ಕೆ ಅಂಟಿಕೊಂಡು ಕುಳಿತದ್ದು. ಸೂರ್ಯನಿಂದ ಬೀಸಿ ಬರುವ ಪ್ರೋಟಾನುಗಳು, ಅಂದರೆ ಜಲಜನಕದ ತಿರುಳು, ಚಂದ್ರನ ಧೂಳಿನ ಆಮ್ಲಜನಕವನ್ನು ಸೇರಿದಾಗ ಇದು ಹುಟ್ಟುತ್ತದೆ.

ಇದು ತಲೆಗೆ ಹತ್ತದಿದ್ದರೆ ಹಂಚಿನ ಕಾರ್ಖಾನೆಯನ್ನು ನೆನೆಯಿರಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಆ ಕೆಲಸವನ್ನು ನಮ್ಮ ಹಿರಿಯರೆಲ್ಲ ಕಂಡವರೇ. ನೇತ್ರಾವತಿ, ಫಲ್ಗುಣಿ ದಂಡೆಯ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ, ಹಸಿ ಹಂಚನ್ನು ದಿನಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಮುಟ್ಟಿದರೆ ಕೈಗೆ ಪಸೆ ತಾಗುವುದಿಲ್ಲ. ಬಿಸಿಲಿಗಿಟ್ಟರೂ ಇನ್ನು ಬಿಡುವುದಕ್ಕೆ ಏನೂ ಉಳಿದಿಲ್ಲವೆನಿಸುತ್ತದೆ. ಆದರೂ ಭಟ್ಟಿಯ ಶಾಖ ಐನೂರು ಡಿಗ್ರಿಯ ಸುತ್ತ ತಲುಪಿದಾಗ ಆ ಒಣ ಹಂಚು ಮತ್ತೆ ಆವಿ ಬಿಡುತ್ತದೆ. ಜೇಡಿಯಲ್ಲಿರುವ ಕೆಯೊಲಿನೈಟ್ ಎಂಬ ಖನಿಜದ ತೂಕದಲ್ಲಿ ಸುಮಾರು ಶೇ. 14ರಷ್ಟು ಹೀಗೆ ಹೈಡ್ರಾಕ್ಸಿಲ್ ರೂಪದಲ್ಲಿ ಅಡಗಿರುತ್ತದೆ. ಒಣ ಹಂಚನ್ನು ಹಿಂಡಿ ಬಾಯಾರಿಕೆ ನೀಗಿಸಿಕೊಂಡವರು ಯಾರಿದ್ದಾರೆ? ಬೆಂಕಿ ಹಾಕಿದರೆ ಮಾತ್ರ ಹೊರಬರುವ ಆ ಅಂಶಕ್ಕೆ ಚಂದ್ರನ ಹೈಡ್ರಾಕ್ಸಿಲ್ ಹತ್ತಿರದ ಬಂಧು. ಚಂದ್ರನಲ್ಲಿ ಪ್ರಮಾಣ ಇದಕ್ಕಿಂತ ಎಷ್ಟೋ ಕಡಿಮೆ, ಅಷ್ಟೇ.

ನಿಜವಾದ ನೀರಿನ ಅಣುವೂ ಅಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಕ್ಲೇವಿಯಸ್ ಕುಳಿಯ ಬಳಿ ಬಿಸಿಲು ಬೀಳುವ ಮಣ್ಣಿನಲ್ಲಿ ಅದನ್ನು ಗುರುತಿಸಿದ ವರದಿ 2020ರಲ್ಲಿ ಬಂತು. ಒಂದು ಕಿಲೋ ಮಣ್ಣಿಗೆ ಹೆಚ್ಚೆಂದರೆ ಅರ್ಧ ಗ್ರಾಮಿಗೂ ಕಡಿಮೆ. ಧ್ರುವದ ಕಡೆ ಲೆಕ್ಕ ಬೇರೆ. ಚಂದ್ರನ ಅಕ್ಷ ವಾಲಿರುವುದು ಒಂದೂವರೆ ಡಿಗ್ರಿ ಮಾತ್ರ. ಆದ್ದರಿಂದ ಅಲ್ಲಿನ ಕೆಲವು ಕುಳಿಗಳ ತಳಕ್ಕೆ ಬಿಸಿಲು ಎಂದೂ ಇಳಿದಿಲ್ಲ. ಉತ್ತರ ಧ್ರುವದ ಬಳಿಯ ಹರ್ಮೈಟ್ ಕುಳಿಯಲ್ಲಿ ಅಳೆದ ಚಳಿ ಸೊನ್ನೆಗಿಂತ 247 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಂಥ ತಳದಲ್ಲಿ ಮಂಜುಗಡ್ಡೆ ಇದೆ. 2009ರ ಅಕ್ಟೋಬರ್ 9ರಂದು ಕೇಬಿಯಸ್ ಕುಳಿಗೆ ಖಾಲಿ ರಾಕೆಟ್ಟನ್ನು ಬೀಳಿಸಿ, ಎದ್ದ ಧೂಳನ್ನು ಪರೀಕ್ಷಿಸಿದಾಗ ತೂಕದಲ್ಲಿ ಶೇ. 5.6ರಷ್ಟು ನೀರಿನ ಅಂದಾಜು ಸಿಕ್ಕಿತು. ಒಂದೇ ಕಡೆಯ, ಒಂದೇ ಸಲದ ಅಳತೆ ಅದು. ದೋಷದ ಅಂತರವೂ ದೊಡ್ಡದು. ಅದನ್ನು ಹಿಡಿದು ಇಡೀ ಧ್ರುವಕ್ಕೆ ಗುಣಾಕಾರ ಹಾಕಬೇಡಿ. ಚೆನ್ನಾಗಿ ಒಣಗಿಸಿ ಮುಡಿ ಕಟ್ಟಿದ ಅಕ್ಕಿಯಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ನೀರಿನಂಶ ಇರುತ್ತದೆ.

ವಿಕ್ರಮ್ ಇಳಿದದ್ದು ಆ ಕುಳಿಗಳಿಗೂ ಅಲ್ಲ, ಧ್ರುವಕ್ಕೂ ಅಲ್ಲ. ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶ, ಧ್ರುವದಿಂದ ಆರುನೂರು ಕಿಲೋಮೀಟರಿಗೂ ದೂರ. ಅಲ್ಲಿ ಹತ್ತು ಸೆಂಟಿಮೀಟರ್ ಇಳಿಯಬಲ್ಲ ತಾಪಮಾಪಕ ಮೇಲ್ಮೈಯಲ್ಲಿ ಕಂಡದ್ದು 82 ಡಿಗ್ರಿ ಸೆಲ್ಸಿಯಸ್. ಪ್ರಜ್ಞಾನ್ ರೋವರ್ ಸುತ್ತಾಡಿ ಅಳೆದ ಮಣ್ಣು ಅನಾರ್ಥೊಸೈಟ್ ಎಂಬ ತಿಳಿಬಣ್ಣದ ಕಲ್ಲಿನದು. ಚಂದ್ರನ ಮೈ ಒಂದು ಕಾಲದಲ್ಲಿ ಕರಗಿದ ಕಲ್ಲಿನ ಕಡಲಾಗಿತ್ತು, ಹಗುರವಾದ ಖನಿಜ ತೇಲಿ ಹೊರಪದರವಾಯಿತು ಎಂಬ ವಾದಕ್ಕೆ ಅದು ಬಲ ಕೊಟ್ಟಿತು. ಭೂವಿಜ್ಞಾನ ಓದಿದ ನನಗೆ ಆ ಯಾನದ ದೊಡ್ಡ ಸುದ್ದಿ ಅದೇ. ಅದರ ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ.

ಉಡುಪಿಯ ಒಂದು ಶಾಲೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಹಾಗಾದರೆ ಅಲ್ಲಿ ಮುರಕಲ್ಲು ಇಲ್ಲವೇ?” ಎಂದಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಎನಿಸಿತು. ಇಲ್ಲ ಮಗಳೇ, ನಮ್ಮೂರಿನ ಈ ಕೆಂಪು ಜಂಬಿಟ್ಟಿಗೆ ಆಗಬೇಕಾದರೆ ಮಳೆ ಬೇಕು, ಗಾಳಿ ಬೇಕು, ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು ಕಬ್ಬಿಣವನ್ನು ಉಳಿಸುವ ನೀರು ಬೇಕು.

ಆ ಮಳೆಗಾಲದ ನೀರೇ ನಮ್ಮ ಕೃಷಿಕರ ಪ್ರಶ್ನೆಗೂ ಉತ್ತರ. ಮುರಕಲ್ಲು ಜರಡಿಯಂತೆ, ಮಳೆ ಅದರೊಳಗೆ ಇಳಿದು, ಕೆಳಗಿನ ಶೇಡಿಮಣ್ಣಿನ, ಅಂದರೆ ನುಣುಪು ಜೇಡಿಯ, ಮೇಲೆ ಜಾರಿ, ತೋಡಿಗೆ ಸೇರಿ ಕಡಲಿಗೆ ಹೋಗುತ್ತದೆ. ಅದರಡಿಯ ಗಟ್ಟಿ ಕಲ್ಲಿನಲ್ಲಿ ಬಿರುಕು ಇದ್ದಲ್ಲಿ ಮಾತ್ರ ನೀರು, ಆಳಕ್ಕೆ ಹೋದಂತೆ ಬಿರುಕು ಸಾಮಾನ್ಯವಾಗಿ ಕಡಿಮೆ. ಪ್ರತಿ ಜಾಗವೂ ಬೇರೆ, ನೋಡದೆ ಖಚಿತವಾಗಿ ಹೇಳಲಾಗದು. ಅವರ ಜಾಗ ನೋಡಿದೆ. ಎಂಟುನೂರು ಅಡಿ ಬೇಡ ಎಂದೆ. ಗುಡ್ಡದ ಮೇಲೆ ಮಳೆನೀರು ನಿಲ್ಲಿಸುವ ಅಜ್ಜನ ಕಾಲದ ಮದಕವೊಂದು ಹೂಳು ತುಂಬಿ ಬಿದ್ದಿತ್ತು. ಸಾಲದ ಹಣದಲ್ಲಿ ಸ್ವಲ್ಪವನ್ನು ಅದಕ್ಕೆ ಹಾಕಿ, ಉಳಿದದ್ದನ್ನು ಹಿಂದಿರುಗಿಸಿ ಎಂದು ಕೈಮುಗಿದು ಕೇಳಿದೆ. ಮೇ ತಿಂಗಳಿನಲ್ಲಿ ಹೂಳು ತೆಗೆಸಿದ್ದಾರೆ.