ಬಿದ್ದ ಅಡಿಕೆ ಮರ ನೋಡಿ ಸುಂಟರಗಾಳಿ ಅಂತ ಹೇಳಬಹುದಾ?

ಪ್ರಶ್ನೆ: ನಾಲ್ಕೇ ನಿಮಿಷದ ಗಾಳಿಗೆ ನಮ್ಮ ತೋಟದ ನಡುಭಾಗ ಪೂರ್ತಿ ಮಲಗಿತು. ಕೆಲವರು ಸುಂಟರಗಾಳಿ ಅನ್ನುತ್ತಾರೆ, ಕೆಲವರು ಬರೀ ಬಿರುಗಾಳಿ ಅನ್ನುತ್ತಾರೆ. ತಿಳಿಯುವುದು ಹೇಗೆ? (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಕೃಷಿಕರೊಬ್ಬರು)

ಹೆಚ್ಚಿನ ಸಲ ಹೇಳಬಹುದು. ಆದರೆ ಮರ ಕಡಿಯುವ ಮೊದಲು ನೋಡಬೇಕು. ನಮ್ಮ ಕಡೆ ಗಾಳಿ ನಿಂತ ಗಂಟೆಯೊಳಗೆ ನೆರೆಕರೆಯವರು ಕತ್ತಿ, ಗರಗಸ ಹಿಡಿದು ಬಂದುಬಿಡುತ್ತಾರೆ. ಒಳ್ಳೆಯ ಮನಸ್ಸು, ನಿಜ. ದಾರಿ ಬಿಡಿಸಲಿ, ಮಾಡಿನ ಮೇಲೆ ಬಿದ್ದದ್ದನ್ನು ತೆಗೆಯಲಿ. ಕರೆಂಟು ತಂತಿ ಬಿದ್ದಿದ್ದರೆ ಲೈನ್‌ಮನ್ ಬರುವ ತನಕ ಯಾರೂ ತೋಟಕ್ಕೆ ಇಳಿಯುವುದು ಬೇಡ. ಉಳಿದ ಮರ ಒಂದು ದಿನ ಹಾಗೇ ಇರಲಿ, ದಯವಿಟ್ಟು.

ಬಿದ್ದ ಮರದ ಬುಡದಲ್ಲಿ ನಿಂತು ಅದರ ಕೊಡಿ (ತುದಿ) ಯಾವ ಕಡೆಗಿದೆ ನೋಡಿ. ಮೊಬೈಲಿನ ದಿಕ್ಸೂಚಿ ಸಾಕು. ಒಂದು ಹಾಳೆಯಲ್ಲಿ ತೋಟದ ನಕ್ಷೆ ಬರೆದು, ಮರಕ್ಕೊಂದು ಬಾಣ ಹಾಕುತ್ತಾ ಹೋಗಿ. ಬಾಣಗಳೆಲ್ಲ ಒಂದೇ ಕಡೆಗಿದ್ದರೆ, ಅಥವಾ ಬೀಸಣಿಗೆಯ ಹಾಗೆ ಹೊರಕ್ಕೆ ಹರಡಿದ್ದರೆ, ಅದು ಮಳೆಮೋಡದಿಂದ ಕೆಳಗೆ ಅಪ್ಪಳಿಸಿ ಹರಡಿದ ಗಾಳಿ. ಸುಂಟರಗಾಳಿಯ ಗುರುತೇ ಬೇರೆ. ಅದು ಕಿರಿದಾದ ಒಂದು ಪಟ್ಟಿಯಲ್ಲಿ ಸಾಗುತ್ತದೆ. ಎರಡೂ ಬದಿಯ ಮರಗಳು ಪಟ್ಟಿಯ ಒಳಮುಖಕ್ಕೆ ಬಿದ್ದಿರುತ್ತವೆ, ನಡುವೆ ಒಂದರ ಮೇಲೊಂದು ಅಡ್ಡ ಹೇರಿಕೊಂಡಿರುತ್ತವೆ. ಅಡಿಯಲ್ಲಿರುವ ಮರ ಮೊದಲು ಬಿದ್ದದ್ದು. ಹಾಗಾಗಿ ಕೆಳಗಿನದರ ದಿಕ್ಕು, ಮೇಲಿನದರ ದಿಕ್ಕು ನೋಡಿದರೆ ಗಾಳಿ ಹೇಗೆ ತಿರುಗಿತು ಅಂತ ಗೊತ್ತಾಗುತ್ತದೆ. ಒಂದು ಮರ ಇನ್ನೊಂದನ್ನು ಎಳೆದುಕೊಂಡು ಬಿದ್ದಿದ್ದರೆ ಅದನ್ನು ಲೆಕ್ಕದಿಂದ ಬಿಡಿ.

1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಾಲುಸಾಲಾಗಿ ಸುಂಟರಗಾಳಿ ಎದ್ದಾಗ ಟೆಡ್ ಫುಜಿಟಾ ಎಂಬ ವಿಜ್ಞಾನಿ ವಿಮಾನದಿಂದ ನೋಡಿದ್ದೂ ಇದನ್ನೇ. ಕೆಲವು ಕಡೆ ಮರಗಳು ಸುತ್ತಿಕೊಳ್ಳದೆ ಹೊರಕ್ಕೆ ಚೆಲ್ಲಿದಂತೆ ಬಿದ್ದಿದ್ದವು. ಅಪ್ಪಳಿಸುವ ಗಾಳಿಯ ಸುಳಿವು ಅವರಿಗೆ ಅಲ್ಲಿಂದ ಸಿಕ್ಕಿತು.

ನಮಗೊಂದು ಅನುಕೂಲ ಜಾಸ್ತಿ ಇದೆ: ಅಡಿಕೆ ಸಾಲಾಗಿ ನೆಟ್ಟ ಬೆಳೆ. ಒಂಬತ್ತು ಅಡಿ ಅಂತರದ ತೋಟದಲ್ಲಿ 15 ಸಾಲು ಮಲಗಿದ್ದರೆ ಪಟ್ಟಿಯ ಅಗಲ ಸುಮಾರು 40 ಮೀಟರ್. ಟೇಪು ಹಿಡಿಯುವುದೇ ಬೇಡ.

ಗಾಳಿಯ ವೇಗವನ್ನು ಮಾತ್ರ ಸುಮ್ನೆ ಅಂದಾಜು ಮಾಡಬೇಡಿ. ಹಾನಿ ನೋಡಿ ಸುಂಟರಗಾಳಿಯ ವೇಗ ಅಂದಾಜಿಸಲು ಅಮೆರಿಕದಲ್ಲಿ 2007ರಿಂದ ಬಳಸುವ ಅಳತೆಗೋಲಿನಲ್ಲಿ ಮನೆ, ಕಂಬ, ಮರ ಅಂತ 28 ಬಗೆಯ ಗುರುತುಗಳಿವೆ, ಅಡಿಕೆ ಮರ ಅದರಲ್ಲಿಲ್ಲ.

ಪರಿಹಾರದ ಅರ್ಜಿಗೆ ಗಾಳಿಯ ಹೆಸರಿಗಿಂತ ಲೆಕ್ಕ ಮುಖ್ಯ. ಫಲ ಬರುವ ಮರ ಎಷ್ಟು, ಎಳೆಯವು ಎಷ್ಟು, ಬುಡ ಸಮೇತ ಕಿತ್ತದ್ದು ಎಷ್ಟು, ನಡುವೆ ಮುರಿದದ್ದು ಎಷ್ಟು ಅಂತ ಬೇರೆ ಬೇರೆ ಬರೆದಿಡಿ. ಫೋಟೊ ತೆಗೆದು ಕೃಷಿಭವನಕ್ಕೆ (ಊರಿನ ಕೃಷಿ ಇಲಾಖೆ ಕಚೇರಿ) ಬೇಗ ತಿಳಿಸಿ. ಮನೆ, ಹಟ್ಟಿಗೆ ಹಾನಿಯಾಗಿದ್ದರೆ ವಿಲೇಜ್ ಆಫೀಸಿಗೂ ಹೇಳಿ. ನಿಂತೇ ಇದ್ದು ಕೊಡಿ ತಿರುಚಿಕೊಂಡ ಮರಗಳಿಗೆ ಸುಣ್ಣದ ಗುರುತು ಹಾಕಿಡಿ. ತಿಂಗಳು ಬಿಟ್ಟು ಹೊಸ ಸೋಗೆ ಬಂದಿದೆಯಾ ನೋಡಿ, ಆಮೇಲೆ ಕಡಿಯುವ ಮಾತು.