ಪದ ಪರಿಚಯ: ಟೈಮ್‌ಲ್ಯಾಪ್ಸ್ ಸೂಕ್ಷ್ಮದರ್ಶನದಲ್ಲಿ ‘ಟೈಮ್‌ಸ್ಟ್ಯಾಂಪ್’

ಜೀವಂತ ಕೋಶಗಳನ್ನು ಸೂಕ್ಷ್ಮದರ್ಶಕದಡಿ ಇರಿಸಿ, ಕೆಲವು ಸೆಕೆಂಡು ಅಥವಾ ನಿಮಿಷಗಳಿಗೊಮ್ಮೆ ಚಿತ್ರ ತೆಗೆಯುತ್ತ, ಆ ಚಿತ್ರಗಳನ್ನು ಸರಣಿಯಾಗಿ ಜೋಡಿಸುವ ವಿಧಾನಕ್ಕೆ ಟೈಮ್‌ಲ್ಯಾಪ್ಸ್ ಸೂಕ್ಷ್ಮದರ್ಶನ ಎನ್ನುತ್ತಾರೆ. ಸರಣಿಯ ಪ್ರತಿಯೊಂದು ಚಿತ್ರವನ್ನೂ ಯಾವ ಕ್ಷಣದಲ್ಲಿ ತೆಗೆಯಲಾಯಿತು ಎಂಬ ದಾಖಲೆಯೇ ಟೈಮ್‌ಸ್ಟ್ಯಾಂಪ್. ಇದರ ಜೊತೆಯಲ್ಲೇ ಕೇಳಿಬರುವ ಇನ್ನೊಂದು ಪದ ಫ್ರೇಮ್ ಇಂಟರ್ವಲ್. ಅದು ಎರಡು ಫ್ರೇಮ್‌ಗಳ, ಎಂದರೆ ಸರಣಿಯ ಒಂದು ಚಿತ್ರ ಮತ್ತು ಅದರ ಮುಂದಿನ ಚಿತ್ರದ, ನಡುವೆ ಇಷ್ಟು ಅಂತರವಿರಲಿ ಎಂದು ಪ್ರಯೋಗಕ್ಕೆ ಮುನ್ನ ತಂತ್ರಾಂಶಕ್ಕೆ ಕೊಟ್ಟ ಸೂಚನೆ. ಒಂದು ನಡೆದದ್ದರ ದಾಖಲೆ, ಇನ್ನೊಂದು ನಡೆಯಬೇಕಾದದ್ದರ ಯೋಜನೆ. ಇವೆರಡನ್ನೂ ಒಂದೇ ಎಂದು ಹಿಡಿದು ಲೆಕ್ಕ ಹಾಕಿದಾಗ ಉಂಟಾಗುವ ತಪ್ಪು, ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಕಣ್ಣಿಗೆ ಬೀಳುವುದಿಲ್ಲ.

ಯೋಜನೆಗೂ ವಾಸ್ತವಕ್ಕೂ ಅಂತರ ಬೀಳಲು ಕಾರಣಗಳು ಸರಳವಾಗಿವೆ. ಪ್ರತಿ ಸುತ್ತಿನಲ್ಲೂ ಯಂತ್ರ ಫೋಕಸ್ ಸರಿಪಡಿಸಿಕೊಳ್ಳಬೇಕು, ಫಿಲ್ಟರ್ ಬದಲಿಸಬೇಕು, ಮಾದರಿಯ ಬೇರೆ ಬೇರೆ ಆಳಗಳಲ್ಲಿ ಚಿತ್ರ ತೆಗೆಯಬೇಕು. ಇಷ್ಟೂ ಕೆಲಸಕ್ಕೆ ನಿಗದಿತ ಅಂತರಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಮುಂದಿನ ಸುತ್ತು ತಡವಾಗಿಯೇ ಶುರುವಾಗುತ್ತದೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಚಲನೆಯನ್ನು 10 ಸೆಕೆಂಡಿಗೊಮ್ಮೆ ಸೆರೆಹಿಡಿಯಲು ಹೇಳಿದ್ದೇವೆ, ಆದರೆ ಪ್ರತಿ ಸುತ್ತಿಗೂ 13 ಸೆಕೆಂಡು ಬೇಕಾಗುತ್ತಿದೆ ಎಂದುಕೊಳ್ಳಿ. ಕೋಶ ಒಂದು ಫ್ರೇಮಿನಿಂದ ಮುಂದಿನದಕ್ಕೆ 2.6 ಮೈಕ್ರೋಮೀಟರ್ ಸರಿದಿದ್ದರೆ, ಯೋಜಿತ ಅಂತರದ ಪ್ರಕಾರ ಅದರ ವೇಗ ನಿಮಿಷಕ್ಕೆ 15.6 ಮೈಕ್ರೋಮೀಟರ್, ನಿಜವಾದ ವೇಗ 12 ಮಾತ್ರ. 200 ಫ್ರೇಮ್‌ಗಳ ಸರಣಿ 33 ನಿಮಿಷಕ್ಕೆ ಮುಗಿಯಿತೆಂದು ನಾವು ಬರೆದುಕೊಂಡಿರುತ್ತೇವೆ, ವಾಸ್ತವದಲ್ಲಿ ಅದು 43 ನಿಮಿಷ ನಡೆದಿರುತ್ತದೆ. ಎರಡು ಬೇರೆ ಯಂತ್ರಗಳಲ್ಲಿ ತೆಗೆದ ಸರಣಿಗಳನ್ನು ಹೋಲಿಸುವಾಗ ಇಂತಹ ವ್ಯತ್ಯಾಸವನ್ನೇ ಜೀವಕೋಶದ ಗುಣವೆಂದು ತಿಳಿದುಬಿಡುವ ಅಪಾಯವಿದೆ.

ಟೈಮ್‌ಸ್ಟ್ಯಾಂಪ್ ಇರುವುದು ಚಿತ್ರದ ಪಿಕ್ಸೆಲ್‌ಗಳಲ್ಲಲ್ಲ, ಕಡತದ ಮೆಟಾಡೇಟಾದಲ್ಲಿ, ಎಂದರೆ ಚಿತ್ರದ ಜೊತೆಗೆ ಕಡತದಲ್ಲಿ ಉಳಿಸಿಟ್ಟ ವಿವರಗಳಲ್ಲಿ. ಸೂಕ್ಷ್ಮದರ್ಶಕ ತಯಾರಕರು ತಂತಮ್ಮ ಕಡತ ವಿನ್ಯಾಸಗಳಲ್ಲಿ ಇದನ್ನು ಬೇರೆ ಬೇರೆ ರೀತಿಯಲ್ಲಿ ಬರೆದಿಡುತ್ತಾರೆ. ಸೂಕ್ಷ್ಮದರ್ಶಕದ ಚಿತ್ರಗಳಿಗೆಂದೇ ಇರುವ, ಎಲ್ಲರಿಗೂ ಮುಕ್ತವಾದ ಒಎಂಇ-ಟಿಫ್ ಕಡತ ವಿನ್ಯಾಸದಲ್ಲಂತೂ ಎರಡು ಪ್ರತ್ಯೇಕ ಜಾಗಗಳೇ ಇವೆ. ‘ಟೈಮ್‌ಇನ್‌ಕ್ರಿಮೆಂಟ್’ ಇಡೀ ಸರಣಿಗೆ ಅನ್ವಯಿಸುವ ಒಂದೇ ಅಂತರವನ್ನು ಹೇಳುತ್ತದೆ, ‘ಡೆಲ್ಟಾಟಿ’ ಪ್ರಯೋಗ ಆರಂಭವಾದಂದಿನಿಂದ ಆಯಾ ಚಿತ್ರದವರೆಗೆ ಕಳೆದ ಹೊತ್ತನ್ನು ಚಿತ್ರವೊಂದಕ್ಕೆ ಒಂದರಂತೆ ಹೇಳುತ್ತದೆ. ವೇಗ, ವಿಭಜನೆಯ ಅವಧಿ, ಹೊಳಪು ಕುಗ್ಗುವ ದರ, ಹೀಗೆ ಕಾಲವನ್ನೊಳಗೊಂಡ ಯಾವ ಲೆಕ್ಕಕ್ಕಾದರೂ ಎರಡನೆಯದನ್ನೇ ಆಧಾರವಾಗಿ ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾಹಿತಿ ಕಳೆದುಹೋಗುವುದು ಬಹಳ ಸುಲಭ. ಮೂಲ ಕಡತವನ್ನು ಸಾಮಾನ್ಯ ಟಿಫ್ ಚಿತ್ರಗಳನ್ನಾಗಿ ಬಿಡಿಸಿದಾಗ ಅನೇಕ ಸಲ ಉಳಿಯುವುದು ಫ್ರೇಮ್ ಸಂಖ್ಯೆ ಮಾತ್ರ. ಜೀವವಿಜ್ಞಾನಿಗಳು ಹೆಚ್ಚಾಗಿ ಬಳಸುವ ಇಮೇಜ್‌ಜೆ ತಂತ್ರಾಂಶದಲ್ಲಿ ಅಂತಹ ಸರಣಿಯನ್ನು ತೆರೆದು ‘ಪ್ರಾಪರ್ಟೀಸ್’ ಕಿಟಕಿಯನ್ನು ನೋಡಿದರೆ ಫ್ರೇಮ್ ಇಂಟರ್ವಲ್ ಎಂಬಲ್ಲಿ ಸೊನ್ನೆ ಕಾಣಿಸುವುದುಂಟು. ಸರಿಯಾದ ಅಂತರವನ್ನು ಅಲ್ಲಿ ನಾವೇ ತುಂಬಬೇಕಾಗುತ್ತದೆ. ಅದೇ ತಂತ್ರಾಂಶದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ನಿಗದಿಪಡಿಸುವ ಆಯ್ಕೆಯೂ ಇದೆಯಾದರೂ, ಅದು ಪರದೆಯ ಮೇಲೆ ಸರಣಿ ಓಡುವ ವೇಗವೇ ಹೊರತು ಚಿತ್ರ ತೆಗೆದ ವೇಗವಲ್ಲ. ಎವಿಐ ವೀಡಿಯೊ ಮಾಡಿ ಉಳಿಸಿದಾಗ ಕಡತದೊಳಗೆ ಸೇರುವುದು ಈ ಓಟದ ವೇಗ. ಆದ್ದರಿಂದ ಅಳತೆಯ ಕೆಲಸಕ್ಕೆ ವೀಡಿಯೊವನ್ನು ಎಂದೂ ಆಧಾರವಾಗಿಸಬಾರದು, ಮೂಲ ಕಡತವನ್ನು ಎಂದೂ ಅಳಿಸಬಾರದು.

ಒಂದೇ ಫ್ರೇಮ್ ಸಂಖ್ಯೆ ಹೊತ್ತ ಚಿತ್ರಗಳಲ್ಲೂ ಕಾಲ ಏಕರೂಪವಾಗಿರುವುದಿಲ್ಲ. 96 ಗುಳಿಗಳ ತಟ್ಟೆಯಲ್ಲಿ ಯಂತ್ರ ಒಂದು ಗುಳಿಯಿಂದ ಮುಂದಿನದಕ್ಕೆ ಸರಿದು ಚಿತ್ರ ತೆಗೆಯಲು 2 ಸೆಕೆಂಡು ಬೇಕಾದರೆ, ಕೊನೆಯ ಗುಳಿಯ ಚಿತ್ರ ಮೊದಲನೆಯದಕ್ಕಿಂತ 3 ನಿಮಿಷ 10 ಸೆಕೆಂಡು ತಡವಾಗಿ ಬಂದಿರುತ್ತದೆ. ಆದರೂ ಎರಡಕ್ಕೂ ಫ್ರೇಮ್ ಸಂಖ್ಯೆ ಒಂದೇ. ಇಡೀ ದಿನದಲ್ಲಿ ಒಮ್ಮೆ ವಿಭಜನೆಯಾಗುವ ಹೀಲಾ ಕೋಶಗಳ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳ) ಅಧ್ಯಯನದಲ್ಲಿ ಇದನ್ನು ಕಡೆಗಣಿಸಬಹುದು. ಔಷಧಿ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಕೋಶದೊಳಗಿನ ಕ್ಯಾಲ್ಸಿಯಂ ಏರಿ ಇಳಿಯುವುದನ್ನು ಅಳೆಯುವವರು ಕಡೆಗಣಿಸುವಂತಿಲ್ಲ. ಅಲ್ಲಿ ಕ್ಯಾಲ್ಸಿಯಂ ಪ್ರಮಾಣವನ್ನು ತಿಳಿಯಲು 340 ಮತ್ತು 380 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಒಂದಾದ ಮೇಲೊಂದು ತೆಗೆದ ಎರಡು ಚಿತ್ರಗಳ ಅನುಪಾತವನ್ನು ಕಂಡುಹಿಡಿಯುವಾಗಲೂ, ಅವುಗಳ ನಡುವಿನ ಪುಟ್ಟ ಅಂತರ ಲೆಕ್ಕಕ್ಕೆ ಬರುತ್ತದೆ.

ಕೊನೆಯದಾಗಿ, ಸೊನ್ನೆ ಎಲ್ಲಿಂದ ಎಂಬ ಪ್ರಶ್ನೆ. ತಂತ್ರಾಂಶದ ಸೊನ್ನೆ ಎಂದರೆ ಚಿತ್ರ ತೆಗೆಯಲು ಶುರುಮಾಡಿದ ಗಳಿಗೆ. ಜೀವಿಯ ಗಡಿಯಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಜೀಬ್ರಾ ಮೀನಿನ ಭ್ರೂಣವನ್ನು ಅಧ್ಯಯನ ಮಾಡುವವರು ಕಾಲವನ್ನು ನಿಷೇಚನೆಯ ಕ್ಷಣದಿಂದ ಗಂಟೆಗಳಲ್ಲಿ ಎಣಿಸುತ್ತಾರೆ, ಮತ್ತು ಆ ಎಣಿಕೆ 28.5 ಡಿಗ್ರಿ ಸೆಲ್ಸಿಯಸ್ ತಾಪಮಾನಕ್ಕೆ ಹೊಂದಿಕೊಂಡಿದೆ. ನೀರು ತಣ್ಣಗಿದ್ದರೆ ಬೆಳವಣಿಗೆ ನಿಧಾನವಾಗುವುದರಿಂದ, ಅಷ್ಟೇ ಗಂಟೆ ಕಳೆದಿದ್ದರೂ ಭ್ರೂಣ ಹಿಂದಿನ ಹಂತದಲ್ಲೇ ಇರುತ್ತದೆ. ಹಾಗೆಯೇ ಔಷಧಿ ಹಾಕಲು ಚಿತ್ರೀಕರಣವನ್ನು ನಡುವೆ ನಿಲ್ಲಿಸಿ ಮತ್ತೆ ಶುರುಮಾಡಿದರೆ ಎರಡು ಕಡತಗಳು ಹುಟ್ಟುತ್ತವೆ, ಎರಡನೆಯದರ ಎಣಿಕೆ ಮತ್ತೆ ಸೊನ್ನೆಯಿಂದಲೇ ತೊಡಗುತ್ತದೆ. ಅವನ್ನು ಬೆಸೆಯುವಾಗ ಎರಡೂ ಕಡತಗಳಲ್ಲಿ ದಾಖಲಾದ ಆರಂಭದ ದಿನಾಂಕ ಮತ್ತು ಗಂಟೆಯನ್ನು ನೋಡಿ, ನಡುವಿನ ಬಿಡುವನ್ನು ಸೇರಿಸಿಕೊಂಡೇ ಪ್ರತಿ ಫ್ರೇಮಿನ ಕಾಲವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಔಷಧಿ ಹಾಕಿದ ನಿಖರ ಹೊತ್ತನ್ನು ಸಾಮಾನ್ಯವಾಗಿ ಯಂತ್ರ ತಾನಾಗಿ ದಾಖಲಿಸುವುದಿಲ್ಲವಾದ್ದರಿಂದ, ಅದನ್ನು ಆಗಲೇ ಪ್ರಯೋಗದ ಪುಸ್ತಕದಲ್ಲಿ ಕಂಪ್ಯೂಟರಿನ ಗಡಿಯಾರ ನೋಡಿ ಬರೆದಿಟ್ಟಿರಬೇಕು.