ಫ್ರೀಜರಿನಿಂದ ಬಂದ ಹಾರ್ಡ್ ಡಿಸ್ಕ್

ಪರಿಚಯದ ಫೋಟೋಗ್ರಾಫರ್ ಒಬ್ಬರು ಮೊನ್ನೆ ತಮ್ಮ ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು. ಚೀಲದ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿದ್ದವು. ಎರಡು ಮದುವೆಗಳ ಚಿತ್ರಗಳಿದ್ದ ಡಿಸ್ಕ್ ಟಕ್ ಟಕ್ ಎನ್ನತೊಡಗಿದಾಗ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ಜ್ವರ ಇಳಿಯುತ್ತದೆ ಎನ್ನುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಬಹಳ ಹಿಂದಿನ ಡ್ರೈವ್‌ಗಳಲ್ಲಿ ಓದುವ-ಬರೆಯುವ ಪುಟ್ಟ ತುದಿಯಾದ ಹೆಡ್, ಮಾಹಿತಿ ಇರುವ ತಿರುಗುವ ತಟ್ಟೆಯ ಮೇಲೆಯೇ ವಿಶ್ರಮಿಸುತ್ತಿತ್ತು, ಒಮ್ಮೊಮ್ಮೆ ಅಲ್ಲೇ ಅಂಟಿಕೊಳ್ಳುತ್ತಿತ್ತು. ಆಗ ಮೆಲ್ಲಗೆ ತಟ್ಟಿದರೆ ಬಿಡಿಸಿಕೊಳ್ಳುವುದೂ ಇತ್ತು. ಮನೆಮದ್ದುಗಳ ಮೇಲಿನ ನಂಬಿಕೆ ಅಂದಿನದು. ಇಂದಿನ ಡ್ರೈವ್‌ಗಳಲ್ಲಿ ಹೆಡ್ ತಟ್ಟೆಯಿಂದ ಹೊರಗೆ, ಪುಟ್ಟ ಇಳಿಜಾರಿನ ಮೇಲೆ ನಿಲ್ಲುತ್ತದೆ. ಡಿಸ್ಕಿನೊಳಗೆ ನಿರ್ವಾತ ಇರುತ್ತದೆ ಎನ್ನುವುದೂ ತಪ್ಪು. ಹೀಲಿಯಂ ತುಂಬಿ ಮುಚ್ಚಿದವನ್ನು ಬಿಟ್ಟರೆ, ಉಳಿದವುಗಳ ಮೈಮೇಲೆ ಸೋಸುಪರದೆಯಿರುವ ಸಣ್ಣ ಉಸಿರುರಂಧ್ರವಿದೆ. ಫ್ರೀಜರಿನಿಂದ ಹೊರತೆಗೆದಾಗ ತೇವ ಅದರ ಮೂಲಕವೇ ಒಳಹೋಗಿ ತಣ್ಣನೆಯ ತಟ್ಟೆಯ ಮೇಲೆ ಹನಿಗಟ್ಟುತ್ತದೆ.

ಒಂದು ಹನಿ ಏನು ಮಾಡೀತು ಎನ್ನಬೇಡಿ. ಹೆಡ್ ತಟ್ಟೆಯನ್ನು ಮುಟ್ಟುವುದೇ ಇಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಕೂದಲೆಳೆಯ ದಪ್ಪವನ್ನು ಹತ್ತು ಅಂತಸ್ತಿನ ಕಟ್ಟಡದಷ್ಟು ಎಂದುಕೊಂಡರೆ, ಹೆಡ್ ನೆಲದಿಂದ ಒಂದು ರೂಪಾಯಿ ನಾಣ್ಯದ ದಪ್ಪದಷ್ಟೇ ಮೇಲಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಮೂರೂವರೆ ಇಂಚಿನ ಡ್ರೈವ್‌ನ ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಅದರ ಕೆಳಗೆ ಓಡುತ್ತದೆ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಈ ಗಾಳಿಯನ್ನು ಕಂಪ್ರೆಸರ್‌ನಿಂದ ಊದಬೇಕಿತ್ತು. ಐವತ್ತು ತಟ್ಟೆ, ಟನ್ನಿನಷ್ಟು ಭಾರ, ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ!

ಇನ್ನು ಆ ಟಕ್ ಟಕ್. ತಟ್ಟೆಯಲ್ಲಿ ಮಾಹಿತಿ ಬರೆಯುವ ವೃತ್ತಾಕಾರದ ಪ್ರತಿ ಪಥದ ಮೇಲೂ ಕಾರ್ಖಾನೆಯಲ್ಲೇ ಬರೆದ ಗುರುತುಗಳಿವೆ, ರಸ್ತೆಯ ಮೈಲಿಗಲ್ಲುಗಳಂತೆ. ಅವನ್ನು ಓದಿಯೇ ಹೆಡ್‌ಗೆ ತಾನೆಲ್ಲಿದ್ದೇನೆ ಎಂದು ತಿಳಿಯುವುದು. ಚಾರ್ಮಾಡಿಯ ಮಂಜಿನಲ್ಲಿ ಕಲ್ಲು ಕಾಣದ ಚಾಲಕ ಬಸ್ಸನ್ನು ಮತ್ತೆ ನಿಲ್ದಾಣಕ್ಕೇ ತಂದು, ಮತ್ತೆ ಹೊರಟು, ಮತ್ತೆ ಮರಳಿದಂತೆ, ಕಣ್ಣು ಮಂಕಾದ ಹೆಡ್ ಗುರುತು ಸಿಗದೆ ಮೂಲಕ್ಕೆ ಮರಳುತ್ತದೆ. ಅದರ ತೋಳು ಬಂದು ತಡೆಗೆ ಬಡಿಯುವ ಸದ್ದು ಅದು. ಹೆಡ್ ಮುರಿದಿದ್ದರೆ ಪ್ರತಿ ಸುತ್ತೂ ತಟ್ಟೆಯ ಕಾಂತಪದರವನ್ನು ಕೆರೆಯಬಹುದು. ಹೀಗೆ ಕೆರೆದುಹೋದ ಜಾಗದ ಮಾಹಿತಿಯನ್ನು ಯಾವ ಪರಿಣತನೂ ಮರಳಿಸಲಾರ. ಇಂಥ ಡಿಸ್ಕಿಗೆ 'ಇನ್ನೊಮ್ಮೆ ಹಾಕಿ ನೋಡೋಣ' ಎಂದು ವಿದ್ಯುತ್ ಕೊಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಡತ ಅಳಿಸಿಹೋದದ್ದು ಬೇರೆಯೇ ಕಥೆ. ಹಳೆಯ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಡಾಸ್ ಎಂಬ ತಂತ್ರಾಂಶದ ಕಾಲದ ಕಡತವ್ಯವಸ್ಥೆಯಲ್ಲಿ 'ಅಳಿಸು' ಎಂದಾಗ ಮಾಹಿತಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತಿತ್ತು, ಕಡತವಿದ್ದ ಜಾಗ ಖಾಲಿ ಎಂದು ದಾಖಲಾಗುತ್ತಿತ್ತು, ಅಷ್ಟೇ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದರೆ ಹುಡುಗ ಬೆಂಚಿನಿಂದ ಮಾಯವಾಗುತ್ತಾನೆಯೇ? ಅದಕ್ಕೇ ಆಗಿನ ಮರುಪಡೆಯುವ ತಂತ್ರಾಂಶ ಕಡತವನ್ನು ತೋರಿಸಿ, ಮೊದಲ ಅಕ್ಷರ ಯಾವುದು ಎಂದು ನಮ್ಮನ್ನೇ ಕೇಳುತ್ತಿತ್ತು. ಹೊಸಬ ಬಂದು ಅದೇ ಬೆಂಚಿನ ಮೇಲೆ ಕೂತರೆ ಮಾತ್ರ ಹಳಬ ಹೋದಂತೆ. ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗಳಲ್ಲಿ ಈ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅವು ತಾವಾಗಿಯೇ ಗುಡಿಸಿಬಿಡುತ್ತವೆ.

ತಟ್ಟೆ ಉಳಿದರೆ ಎಷ್ಟು ಉಳಿಯಬಲ್ಲದು? 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಸಂಗಾತಿಗಳಿದ್ದ ಕೊಲಂಬಿಯಾ ನೌಕೆ ಟೆಕ್ಸಾಸ್ ಮೇಲಿನ ಆಗಸದಲ್ಲಿ ಛಿದ್ರವಾಯಿತು. ಅದರಲ್ಲಿದ್ದ ಒಂದು ಹಾರ್ಡ್ ಡಿಸ್ಕ್ ನೀರಿಲ್ಲದ ಕೆರೆಯ ತಳದಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಪ್ಲಾಸ್ಟಿಕ್ ಕರಗಿ, ಸೀಲು ಸುಟ್ಟು, ಒಳಗೆ ಧೂಳು ಸೇರಿತ್ತು. ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಂತ್ರಜ್ಞರು ತಟ್ಟೆಗಳನ್ನು ತೊಳೆದು, ಬೇರೊಂದು ಡ್ರೈವ್‌ನ ಒಡಲಿಗೆ ಕೂರಿಸಿ, ಸುಮಾರು ಶೇಕಡಾ 99ರಷ್ಟು ಮಾಹಿತಿ ಹೊರತೆಗೆದರು. ಆ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ಡಾಸ್. ಅದು ಮಾಹಿತಿಯನ್ನು ಡಿಸ್ಕಿನ ತುಂಬ ಚದುರಿಸದೆ ಒಂದೆಡೆ ಬರೆದಿದ್ದೂ ನೆರವಾಯಿತು. ಕ್ಸೆನಾನ್ ಅನಿಲವನ್ನು ಕಲಕಿದಾಗ ಅದರ ಜಿಗುಟು ಹೇಗೆ ಬದಲಾಗುತ್ತದೆ ಎನ್ನುವ ಪ್ರಯೋಗದ ದಾಖಲೆ ಅದರಲ್ಲಿತ್ತು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ನೌಕೆಯ ಇನ್ನೆರಡು ಡಿಸ್ಕ್‌ಗಳಿಂದ ಮಾತ್ರ ಏನೂ ಸಿಗಲಿಲ್ಲ.

ಸದ್ದು ಮಾಡದೆ ಅಲ್ಲಲ್ಲಿ ಓದಲಾಗದ ಡಿಸ್ಕಾದರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸಾಕು. ಅದು ಮೊದಲು ಸಲೀಸಾಗಿ ಬರುವುದನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿಕೊಳ್ಳುತ್ತದೆ, ಹಟಮಾರಿ ಜಾಗಗಳನ್ನು ಗುರುತಿಟ್ಟುಕೊಂಡು ಕೊನೆಗೆ ಕೆದಕುತ್ತದೆ. ದುರಸ್ತಿಯೆಲ್ಲ ಆ ನಕಲಿನ ಮೇಲೆಯೇ ನಡೆಯಬೇಕು, ಮೂಲದ ಮೇಲೆ ಎಂದಿಗೂ ಅಲ್ಲ.

ಫೋಟೋಗ್ರಾಫರ್ ಅವರ ಡಿಸ್ಕಿಗೆ ಅದು ಸಾಲದು. ಅದಕ್ಕೆ ವಿದ್ಯುತ್ ಕೊಡಲು ನಾನು ಬಿಡಲಿಲ್ಲ. ಧೂಳುರಹಿತ ಕೋಣೆಯಿರುವ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಅಲ್ಲಿ ಒಣಗಿಸಿ, ಅದೇ ಮಾದರಿಯ ಇನ್ನೊಂದು ಡ್ರೈವ್‌ನ ಹೆಡ್ ಜೋಡಿಸಿ ಓದಿದರು. ಒಂದು ಮದುವೆ ಪೂರ್ತಿ ಸಿಕ್ಕಿತು. ಇನ್ನೊಂದರ ಧಾರೆಯ ಚಿತ್ರಗಳಲ್ಲಿ ಮೇಲರ್ಧ ಮಾತ್ರ ಇದೆ: ಬಾಸಿಂಗ ಕಟ್ಟಿದ ಹಣೆ, ತಗ್ಗಿಸಿದ ಕಣ್ಣು, ಅದರ ಕೆಳಗೆ ಬೂದುಬಣ್ಣದ ಪಟ್ಟಿ.